ತಂದೆಯ ಟ್ರಂಕಿನಲ್ಲಿ ಉಳಿದ ಟಿಕೆಟ್ಟುಗಳು

ನನ್ನ ತಂದೆಯವರು ತೀರಿಕೊಂಡ ಮೂರು ತಿಂಗಳ ಮೇಲೆ ಮನೆಯ ಅಟ್ಟವನ್ನು ಗುಡಿಸುವ ಕೆಲಸಕ್ಕೆ ಕೈಹಾಕಿದೆವು. ಹೊಸನಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ಅಡಿಗೆಯ ಒಲೆಯ ನೇರಕ್ಕೆ ಮೇಲೆ ಒಂದು ಅಟ್ಟವುಂಟು. ಅದರ ಮೇಲೆ ಏನೇನಿದೆಯೆಂಬುದು ಅವರೊಬ್ಬರಿಗೇ ಗೊತ್ತಿದ್ದಿತು. ಹೊಗೆಯಿಂದ ಕಪ್ಪಾದ ತಗಡಿನ ಟ್ರಂಕೊಂದನ್ನು ಕೆಳಗಿಳಿಸಿದೆವು. ಬೀಗದ ಕೈ ಸಿಗಲಿಲ್ಲ, ಕೊಂಡಿಯನ್ನೇ ಮುರಿಯಬೇಕಾಯಿತು. ಒಳಗೆ ಹಳೆಯ ಪಂಚಾಂಗಗಳು, ಅಡಿಕೆ ಮಂಡಿಯ ಲೆಕ್ಕದ ಪುಸ್ತಕ, ಒಂದು ಮುರಿದ ಕನ್ನಡಕ ಇದ್ದವು. ತಳದಲ್ಲಿ ಒಂದು ಬಿಸ್ಕತ್ತಿನ ಡಬ್ಬ. ಅದರೊಳಗೆ ಹಣವಿರಬಹುದೆಂದು ಮಕ್ಕಳು ಕುತೂಹಲದಿಂದ ಸುತ್ತ ಕುಳಿತರು. ಇದ್ದುದು ಟಿಕೆಟ್ಟುಗಳು: ರೈಲಿನವು, ಬಸ್ಸಿನವು, ಲಾಂಚಿನವು, ಜೊತೆಗೆ ನಾಲ್ಕು ಮಡಿಕೆಯಾದ ಒಂದು ರಹದಾರಿ.

ಮಕ್ಕಳು ಎದ್ದು ಹೋದರು. ನನ್ನ ತಾಯಿಯವರು ಮಾತ್ರ ಆ ಡಬ್ಬದಿಂದ ಎರಡು ದಪ್ಪ ರಟ್ಟಿನ ತುಂಡುಗಳನ್ನು ತೆಗೆದು, ಬೆಳಕಿಗೆ ಹಿಡಿದು, “ಇದರಲ್ಲಿ ಒಂದು ನನ್ನದು” ಎಂದರು.

ನಮ್ಮ ಮನೆತನದ ಹಿಂದಿನ ಊರು ಸಾಗರ ತಾಲ್ಲೂಕಿನಲ್ಲಿ ಶರಾವತಿಯ ದಂಡೆಯ ಮೇಲಿದ್ದಿತು. ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ತಾಲ್ಲೂಕನ್ನು ಹಾಯ್ದು, ಸಾಗರ ತಾಲ್ಲೂಕಿನಲ್ಲಿ ಜೋಗದ ಬಂಡೆಯಿಂದ ಧುಮುಕುವುದನ್ನು ಓದುಗರು ಬಲ್ಲರು. ಲಿಂಗನಮಕ್ಕಿಯಲ್ಲಿ ಸುಮಾರು 2.7 ಕಿಲೋಮೀಟರ್ ಉದ್ದದ ಅಣೆಕಟ್ಟು 1964ರಲ್ಲಿ ಮುಗಿದು, ಸಮುದ್ರಮಟ್ಟದಿಂದ 1819 ಅಡಿಯವರೆಗೆ ನೀರು ನಿಲ್ಲುವಂತಾದಾಗ, ಆ ಕಣಿವೆಯ ಗದ್ದೆ, ತೋಟ, ದಾರಿಗಳೆಲ್ಲ ಅಡಿಗೆ ಹೋದವು. ನಮ್ಮವರು ಅದಕ್ಕೂ ಮುಂಚೆಯೇ ಹೊರಟು ಬಂದಿದ್ದರು. ಯಾವ ವರ್ಷ ಎಂಬುದೇ ಮನೆಯಲ್ಲಿ ಮುಗಿಯದ ಚರ್ಚೆ.

“ಅಷ್ಟಗ್ರಹ ಕೂಟ ಕಳೆದ ಬೇಸಿಗೆಯಲ್ಲಿ ಹೊರಟದ್ದು. ನನಗೆ ಮರೆಯುವುದುಂಟೆ?” ಎಂಬುದು ತಾಯಿಯ ವಾದ. “ಅಲ್ಲ ಅತ್ತಿಗೆ, ಅದರ ಮರುವರ್ಷ. ನಾನು ಆಗ ನಾಲ್ಕನೆಯ ಕ್ಲಾಸಿನಲ್ಲಿದ್ದೆ” ಎಂಬುದು ಚಿಕ್ಕಪ್ಪನ ವಾದ. ತಂದೆಯವರು ಬದುಕಿದ್ದಾಗ ಈ ಚರ್ಚೆ ಎದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಇದು ಬರಿಯ ಮಾತಿನ ಚಪಲವೆಂದು ಭಾವಿಸಬಾರದು. ಮುಳುಗಡೆಯಾದ ಎಷ್ಟೋ ಕುಟುಂಬಗಳಿಗೆ ಬದಲಿಯಾಗಿ ದೊರೆತ ನೆಲದ ಹಕ್ಕು ಆರು ದಶಕಗಳ ಮೇಲೂ ಇತ್ಯರ್ಥವಾಗಿಲ್ಲ. ನಮ್ಮ ಅರ್ಜಿಯಲ್ಲಿಯೂ ‘ಹಿಂದಿನ ಊರನ್ನು ಬಿಟ್ಟ ವರ್ಷ’ ಎಂಬ ಒಂದು ಸಾಲು ಖಾಲಿಯಾಗಿ ನಿಂತಿದ್ದಿತು.

ಅಷ್ಟಗ್ರಹ ಕೂಟದ ವಿಷಯವನ್ನು ಇಂದಿನ ವಿದ್ಯಾರ್ಥಿಗಳು ಕೇಳಿರಲಾರರು. 1962ರ ಫೆಬ್ರವರಿ 3ರಿಂದ 5ರವರೆಗೆ ಸೂರ್ಯ, ಚಂದ್ರ, ಬುಧ, ಶುಕ್ರ, ಕುಜ, ಗುರು, ಶನಿ ಈ ಏಳೂ ಮಕರ ರಾಶಿಯಲ್ಲಿ ಒತ್ತಾಗಿ ಸೇರಿದ್ದವು. ಎಂಟನೆಯದಾದ ಕೇತು ಒಂದು ಕಾಯವೇ ಅಲ್ಲ. ಚಂದ್ರನ ಪಥವು ಸೂರ್ಯನ ತೋರಿಕೆಯ ಪಥವನ್ನು ಕತ್ತರಿಸುವ ಎರಡು ಬಿಂದುಗಳಲ್ಲಿ ಒಂದು. ಸೂರ್ಯಚಂದ್ರರು ಆ ಬಿಂದುವಿನ ಸಮೀಪದಲ್ಲೇ ಕೂಡಿದುದರಿಂದ 5ನೆಯ ತಾರೀಖು ಪೆಸಿಫಿಕ್ ಸಾಗರದ ಮೇಲೆ ಪೂರ್ಣ ಸೂರ್ಯಗ್ರಹಣವೂ ಆಯಿತು. ಪ್ರಳಯವಾಗುವುದೆಂದು ದೇಶದಲ್ಲೆಲ್ಲ ಹೋಮ ಹವನಗಳು ನಡೆದವು. ಪ್ರಳಯವೇನೋ ಆಗಲಿಲ್ಲ, ಆದರೆ ಹಳ್ಳಿಯ ಹೆಂಗಸರ ನೆನಪಿನಲ್ಲಿ ಒಂದು ವರ್ಷಕ್ಕೆ ಗಟ್ಟಿಯಾದ ಗೂಟವನ್ನು ಹೊಡೆದು ಹೋಯಿತು. ತಾಯಿಯ ವಾದ ನಿಂತಿದ್ದುದು ಈ ಗೂಟದ ಮೇಲೆ. ಆದರೆ ನೆನಪು ನೆನಪೇ. ಅದಕ್ಕೆ ಎದುರಾಗಿ ಇನ್ನೊಬ್ಬರ ನೆನಪು ನಿಂತಾಗ ಮೂರನೆಯದೊಂದು ಸಾಕ್ಷಿ ಬೇಕು. ಅದು ಈ ರಟ್ಟಿನ ತುಂಡಿನಲ್ಲಿದ್ದೀತೆ?

ರಟ್ಟಿನ ತುಂಡಿನ ಚರಿತ್ರೆ

ಸುಮಾರು ಎರಡೂಕಾಲು ಅಂಗುಲ ಉದ್ದ, ಒಂದೂಕಾಲು ಅಂಗುಲಕ್ಕೆ ತುಸು ಕಡಿಮೆ ಅಗಲದ ಈ ರಟ್ಟಿನ ಟಿಕೆಟ್ಟನ್ನು ಇಂಗ್ಲೆಂಡಿನ ಥಾಮಸ್ ಎಡ್ಮಂಡ್‌ಸನ್ ಎಂಬಾತ 1830ರ ದಶಕದಲ್ಲಿ ಕಂಡುಹಿಡಿದ. ಮೊದಲು ಮರಗೆಲಸದಲ್ಲಿದ್ದ ಆತ ಆಮೇಲೆ ನ್ಯೂಕಾಸಲ್–ಕಾರ್ಲೈಲ್ ರೈಲುಮಾರ್ಗದ ಒಂದು ಸಣ್ಣ ಸ್ಟೇಷನ್ನಿನ ಮಾಸ್ತರನಾಗಿದ್ದ. ಅದುವರೆಗೆ ಪ್ರತಿಯೊಬ್ಬ ಪ್ರಯಾಣಿಕನಿಗೂ ಕಾಗದದ ಮೇಲೆ ಕೈಯಿಂದ ಬರೆದು ಕೊಡಬೇಕಾಗಿದ್ದಿತು. ಎಷ್ಟು ಟಿಕೆಟ್ಟು ಹೋಯಿತು, ಎಷ್ಟು ಹಣ ಬಂದಿತು ಎಂಬುದಕ್ಕೆ ಸರಿಯಾದ ತಾಳೆ ಇರಲಿಲ್ಲ. ಎಡ್ಮಂಡ್‌ಸನ್ ಟಿಕೆಟ್ಟುಗಳನ್ನು ಮುಂಚೆಯೇ ಅಚ್ಚುಹಾಕಿಸಿ, ಪ್ರತಿಯೊಂದಕ್ಕೂ ಸಾಲಾಗಿ ಸಂಖ್ಯೆಯನ್ನು ಕೊಟ್ಟ. ಸಂಜೆಗೆ ಗೂಡಿನಲ್ಲಿ ಉಳಿದ ಮೊದಲ ಟಿಕೆಟ್ಟಿನ ಸಂಖ್ಯೆಯನ್ನು ನೋಡಿದರೆ ದಿನದ ವ್ಯಾಪಾರವೆಲ್ಲ ಗೊತ್ತಾಗುವುದು. ಕೊಡುವಾಗ ತಾರೀಖನ್ನು ಒತ್ತಲು ಒಂದು ಸಣ್ಣ ಯಂತ್ರವನ್ನೂ ಕಲ್ಪಿಸಿದ. ಟಿಕೆಟ್ಟಿನ ತುದಿಯನ್ನು ಅದರ ಬಾಯಿಯೊಳಗೆ ತುರುಕಿದರೆ ಲೋಹದ ಅಚ್ಚಿನ ಮೊಳೆಗಳು ‘ಟಕ್’ ಎಂದು ಒತ್ತುವುವು. ಒಂದೂವರೆ ಶತಮಾನ ಕಾಲ ಲೋಕದ ರೈಲುಗಳೆಲ್ಲ ಈ ಏರ್ಪಾಟಿನ ಮೇಲೆ ನಡೆದವು. ಗಣಕಯಂತ್ರದ ಟಿಕೆಟ್ಟು ಬರುವವರೆಗೆ ನಮ್ಮ ಮಲೆನಾಡಿನ ಸ್ಟೇಷನ್ನುಗಳಲ್ಲಿಯೂ ಆ ‘ಟಕ್’ ಎಂಬ ಸದ್ದೇ ರೈಲು ಬರುವ ಸೂಚನೆಯಾಗಿದ್ದಿತು.

ನಮ್ಮ ಎರಡು ಟಿಕೆಟ್ಟುಗಳ ಮೇಲೆ ‘ಸಾಗರ ಜಂಬಗಾರು’ ಎಂದೂ ‘ಅರಸಾಳು’ ಎಂದೂ ಅಚ್ಚಾಗಿದ್ದವು. ಮೊದಲನೆಯದು ಸಾಗರದ ಸ್ಟೇಷನ್. ಎರಡನೆಯದು ಹೊಸನಗರ ತಾಲ್ಲೂಕಿನಲ್ಲಿ ರಿಪ್ಪನ್‌ಪೇಟೆಗೆ ಸಮೀಪದ ಪುಟ್ಟ ಸ್ಟೇಷನ್. 1980ರ ದಶಕದಲ್ಲಿ ಶಂಕರನಾಗರು ಟೆಲಿವಿಷನ್ನಿಗಾಗಿ ‘ಮಾಲ್ಗುಡಿ ಡೇಸ್’ ತೆಗೆದಾಗ ಮಾಲ್ಗುಡಿಯ ಸ್ಟೇಷನ್ನಾಗಿ ವೇಷ ಹಾಕಿದುದು ಇದೇ. (ಆ ಕಥೆಯ ಊರಾಗಿ ಕಂಡುದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ. ನಮ್ಮ ಸೀಮೆಯ ಮೂರು ತಾಲ್ಲೂಕುಗಳಿಗೆ ಹೀಗೆ ಬೇರೆಯವರ ಹೆಸರನ್ನು ಹೊರುವ ಅಭ್ಯಾಸವುಂಟೇನೋ!) ಎರಡೂ ಟಿಕೆಟ್ಟುಗಳ ಸಂಖ್ಯೆಗಳು ಒಂದರ ಮುಂದೆ ಒಂದು. ಎಂದರೆ ಒಂದೇ ಸಲಕ್ಕೆ ಕೊಂಡವು. ಎರಡರ ಅಂಚಿನಲ್ಲಿಯೂ ಕತ್ತರಿಯಿಂದ ಕಚ್ಚಿದ ಗುರುತು ಇದ್ದಿತು. ಎಂದರೆ ಪ್ರಯಾಣ ನಡೆದಿದೆ.

ನಿಜವಾಗಿ ಇವು ನಮ್ಮ ಮನೆಯಲ್ಲಿ ಇರಲೇಬಾರದು. ಇಳಿಯುವ ಸ್ಟೇಷನ್ನಿನಲ್ಲಿ ಟಿಕೆಟ್ಟನ್ನು ಒಪ್ಪಿಸಿಯೇ ಹೊರಗೆ ಹೋಗಬೇಕೆಂಬುದು ನಿಯಮ. ತಂದೆಯವರು ಕೇಳಿ ಪಡೆದರೋ, ಮಾಸ್ತರರು ಕೇಳಲು ಮರೆತರೋ ತಿಳಿಯದು. “ಅವರು ಕೇಳಿಯೇ ಇಟ್ಟುಕೊಂಡಿರಬೇಕು” ಎಂದರು ತಾಯಿ.

ತಾರೀಖನ್ನು ಓದುವ ಮುಂಚೆಯೇ ಇಂಥ ಟಿಕೆಟ್ಟು ತನ್ನ ವಯಸ್ಸನ್ನು ಸ್ವಲ್ಪಮಟ್ಟಿಗೆ ಹೇಳುವುದು. ನಮ್ಮದರ ಮೇಲಿದ್ದುದು ದಕ್ಷಿಣ ರೈಲ್ವೆಯ ಹೆಸರು. ಮೈಸೂರು ರಾಜ್ಯದ ರೈಲ್ವೆಯು ದಕ್ಷಿಣ ರೈಲ್ವೆಯಲ್ಲಿ ಸೇರಿದುದು 1951ರ ಏಪ್ರಿಲ್ 14ರಂದು, ಅದಕ್ಕಿಂತ ಹಿಂದಿನದಾಗಿರಲಾರದು. ಮೂರನೆಯ ದರ್ಜೆ ಎಂದಿದ್ದಿತು; ಆ ದರ್ಜೆ 1974ರಲ್ಲಿ ರದ್ದಾಯಿತು. ದರದ ಮುಂದೆ ‘ನಯೇ ಪೈಸೆ’ ಎಂಬುದರ ಗುರುತು ಇದ್ದಿತು. ಆಣೆಗಳು ಹೋಗಿ ನಯೇ ಪೈಸೆ ಬಂದುದು 1957ರ ಏಪ್ರಿಲ್ 1ರಂದು. ‘ನಯೇ’ ಎಂಬುದನ್ನು ಬಿಟ್ಟು ಬರಿಯ ‘ಪೈಸೆ’ ಎಂದುದು 1964ರ ಜೂನ್ 1ರಿಂದ. ಹೀಗೆ 23 ವರ್ಷದ ಹರವು ಏಳು ವರ್ಷಕ್ಕೆ ಇಳಿಯಿತು. ಆದರೆ ಇಲ್ಲೊಂದು ಎಚ್ಚರ ಬೇಕು. ಅಚ್ಚಾದ ದಿನವೇ ಬೇರೆ, ಮಾರಿದ ದಿನವೇ ಬೇರೆ. ಸಣ್ಣ ಸ್ಟೇಷನ್ನಿನಲ್ಲಿ ಹಳೆಯ ಟಿಕೆಟ್ಟುಗಳ ಕಟ್ಟು ವರ್ಷಗಟ್ಟಲೆ ಕುಳಿತು ಆಮೇಲೆ ಖರ್ಚಾಗಬಹುದು. ಆದುದರಿಂದ ಮೊದಲ ಮಿತಿ ಗಟ್ಟಿ. ಕೊನೆಯ ಮಿತಿ ಅಷ್ಟು ಗಟ್ಟಿಯಲ್ಲ. ಒತ್ತಿದ ತಾರೀಖೇ ಬೇಕು.

ನೆರಳಿನಿಂದ ಓದುವುದು

ತಾರೀಖಿನ ಮಸಿ ಬಹುಮಟ್ಟಿಗೆ ಹಾರಿಹೋಗಿದ್ದಿತು. 19 ಎಂಬುದು ಕಂಡಿತು, 5 ಎಂಬುದು ಕಂಡಿತು, 6 ಎಂಬುದೂ ಕಂಡಿತು. ಕೊನೆಯ ಅಂಕಿಯ ಮೇಲುಭಾಗ ಮಾತ್ರ ಉಳಿದಿದ್ದಿತು, ಒಂದು ಸಣ್ಣ ಕಮಾನು. ಅದು 2 ಆಗಬಹುದು, 3 ಆಗಬಹುದು! ಈ ಎರಡು ಅಂಕಿಗಳನ್ನು ಬರೆದು ಕೆಳಗಿನ ಅರ್ಧವನ್ನು ಬೆರಳಿನಿಂದ ಮುಚ್ಚಿ ನೋಡಿದರೆ ನಮ್ಮ ಕಷ್ಟ ನಿಮಗೂ ಅರ್ಥವಾಗುವುದು. ತಾಯಿ ಒಂದು ಕಡೆಯಿಂದ, ಚಿಕ್ಕಪ್ಪ ಇನ್ನೊಂದು ಕಡೆಯಿಂದ ಬಗ್ಗಿ ನೋಡಿ ತಮಗೆ ಬೇಕಾದುದನ್ನೇ ಓದಿದರು.

ಮಸಿ ಹೋದರೂ ಒತ್ತು ಹೋಗುವುದಿಲ್ಲ. ಲೋಹದ ಮೊಳೆ ರಟ್ಟನ್ನು ಒತ್ತಿದಾಗ ಅದರ ನಾರುಗಳು ಕುಗ್ಗಿ ಒಂದು ತಗ್ಗು ಉಂಟಾಗುವುದು. ಆ ತಗ್ಗು ತೀರ ಆಳವಿಲ್ಲದುದು. ಒಂದು ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಪಾಲು, ಎಂದರೆ 0.05 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ತಲೆಯ ಮೇಲಿನ ದೀಪದಲ್ಲಿ ಇದು ಕಾಣುವುದೇ ಇಲ್ಲ. ಬೆಳಕು ನೆಟ್ಟಗೆ ಬಿದ್ದಾಗ ನೆರಳೇ ಇಲ್ಲವಲ್ಲ. ಬೆಳಕು 45 ಡಿಗ್ರಿ ಓರೆಯಾಗಿ ಬಂದರೆ ತಗ್ಗಿನ ಅಂಚಿನ ನೆರಳು ಅದರ ಆಳದಷ್ಟೇ, ಎಂದರೆ 0.05 ಮಿಲಿಮೀಟರ್. ಅದೇ ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಬೆಳಕು ಕೇವಲ 5 ಡಿಗ್ರಿಯಲ್ಲಿ ಸವರಿಕೊಂಡು ಹೋಗುವಂತೆ ಮಾಡಿದರೆ? ತ್ರಿಕೋನಮಿತಿ ಕಲಿತವರು ಆಳವನ್ನು 5 ಡಿಗ್ರಿಯ ಟ್ಯಾನ್ಜೆಂಟಿನಿಂದ, ಎಂದರೆ 0.0875ರಿಂದ ಭಾಗಿಸಲಿ. ನೆರಳು 0.57 ಮಿಲಿಮೀಟರ್, ಆಳದ ಹನ್ನೊಂದರಷ್ಟಕ್ಕೂ ಹೆಚ್ಚು! ಇದು ಕಣ್ಣಿಗೆ ಕಾಣುವ ಅಳತೆ. (ತಗ್ಗಿನ ಅಗಲ ಇದಕ್ಕಿಂತ ಕಡಿಮೆಯಾದರೆ ನೆರಳು ತಗ್ಗನ್ನೆಲ್ಲ ತುಂಬಿಬಿಡುವುದು, ಅಷ್ಟೇ ಸಾಕು.)

ಸಾಗರದ ಹತ್ತಿರದ ಇಕ್ಕೇರಿ, ಕೆಳದಿಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಸವೆದುಹೋದ ಕಲ್ಬರಹವನ್ನು ನಡುಮಧ್ಯಾಹ್ನ ಓದಲು ಹೋದರೆ ಬರಿಯ ಬಂಡೆ ಕಾಣುವುದು; ಇಳಿಬಿಸಿಲು ಪಕ್ಕದಿಂದ ಬಿದ್ದಾಗ ಅಕ್ಷರಗಳು ಎದ್ದು ಬರುವುವು. ಕಳ್ಳ ದಾಖಲೆಗಳನ್ನು ಪರೀಕ್ಷಿಸುವ ತಜ್ಞರೂ ಇದೇ ಉಪಾಯವನ್ನು ಬಳಸುವರು. ಮೇಲಿನ ಹಾಳೆಯ ಮೇಲೆ ಬರೆದು ಹರಿದೊಯ್ದರೂ ಕೆಳಗಿನ ಹಾಳೆಯಲ್ಲಿ ಲೇಖನಿಯ ಒತ್ತು ಉಳಿದಿರುವುದು.

ರಾತ್ರಿ ದೀಪಗಳನ್ನೆಲ್ಲ ಆರಿಸಿ, ಟಿಕೆಟ್ಟನ್ನು ಮೇಜಿನ ಮೇಲಿರಿಸಿ, ಟಾರ್ಚನ್ನು ಮೇಜಿಗೇ ತಾಗಿಸಿ ಹಿಡಿದೆವು. ಬೆಳಕು ಎಡಗಡೆಯಿಂದ ಬಂದಾಗ ಏನೂ ತಿಳಿಯಲಿಲ್ಲ. ಅಂಕಿಯ ಕೆಳಗಿನ ಗೆರೆ ಅಡ್ಡಗೆರೆಯಾಗಿದ್ದರೆ, ಅದಕ್ಕೆ ಸಮಾನಾಂತರವಾಗಿ ಬರುವ ಬೆಳಕು ಅದರ ನೆರಳನ್ನು ಎಬ್ಬಿಸಲಾರದು. ಟಿಕೆಟ್ಟನ್ನು ನಿಧಾನವಾಗಿ ತಿರುಗಿಸಿದೆವು. ಬೆಳಕು ಕೆಳಗಿನಿಂದ ಬೀಳುವಂತಾದಾಗ ಕಮಾನಿನ ಬುಡದಲ್ಲಿ ನೆಟ್ಟಗಿನ ಒಂದು ಕಪ್ಪು ಗೆರೆ ಮೂಡಿತು. 3ಕ್ಕೆ ಅಂಥ ಪಾದವಿಲ್ಲ. ಆದರೂ ಒಂದೇ ನೋಟವನ್ನು ನಂಬಬಾರದೆಂದು ಎರಡನೆಯ ಟಿಕೆಟ್ಟನ್ನು ಚಿಕ್ಕಪ್ಪನ ಕೈಗೆ ಕೊಟ್ಟೆವು. ಅದನ್ನು ಬೇರೆಯಾಗಿ ಒತ್ತಿರುವುದರಿಂದ ಅದು ಸ್ವತಂತ್ರವಾದ ಸಾಕ್ಷಿ. ಅವರು ಬಹಳ ಹೊತ್ತು ಟಾರ್ಚನ್ನು ಆಡಿಸಿ, ಕೊನೆಗೆ, “ಎರಡೇ” ಎಂದು ಟಾರ್ಚನ್ನು ಆರಿಸಿದರು. 1962ರ ಮೇ 19. ತಾಯಿ ಏನನ್ನೂ ಹೇಳದೆ ಎದ್ದು ಒಳಗೆ ಹೋದರು.

ಇದರಿಂದ ಸಿದ್ಧವಾದುದೆಷ್ಟು? ಆ ದಿನ ಇಬ್ಬರು ಸಾಗರದಲ್ಲಿ ರೈಲು ಹತ್ತಿದರು ಎಂಬುದಷ್ಟೆ. ಅದೇ ದಿನ ಊರನ್ನು ಬಿಟ್ಟರೆಂದು ಟಿಕೆಟ್ಟು ಹೇಳುವುದಿಲ್ಲ; ಅದನ್ನು ಹೇಳುವುದು ತಾಯಿಯ ನೆನಪು. ಎರಡೂ ಒಂದಕ್ಕೊಂದು ಒಪ್ಪಿದುದರಿಂದ ನಾವು ಅರ್ಜಿಯಲ್ಲಿ 1962 ಎಂದು ಬರೆದೆವು. ಕಚೇರಿಯಲ್ಲಿ ಇದನ್ನು ಸಾಕ್ಷ್ಯವೆಂದು ಪರಿಗಣಿಸುವರೋ ಇಲ್ಲವೋ ಬೇರೆ ಮಾತು.

ಹುಳು ತಿಂದ ರಹದಾರಿ

ಈ ಶ್ರಮವೆಲ್ಲ ಬೇಕಾದುದು ರಹದಾರಿಯ ದೆಸೆಯಿಂದ. ಊರನ್ನು ಬಿಟ್ಟವರು ಮನೆಯ ಕಂಬ, ತೊಲೆ, ಬಾಗಿಲುಗಳನ್ನು ಬಿಚ್ಚಿ ಜೊತೆಗೆ ತಂದರು. ಕಾಡಿನ ಸೀಮೆಯಲ್ಲಿ ಮರವನ್ನು ಸಾಗಿಸುವುದಕ್ಕೆ ಅರಣ್ಯ ಇಲಾಖೆಯ ರಹದಾರಿ ಬೇಕು. ಮನುಷ್ಯರು ಬರಿಗೈಯಲ್ಲಿ ಹೊರಡಬಹುದು, ಮನೆಯ ಕಂಬಕ್ಕೆ ಮಾತ್ರ ಅಪ್ಪಣೆಚೀಟಿ! ಕಂಬಗಳ ಎಣಿಕೆ, ಉದ್ದ, ಸುತ್ತಳತೆಗಳನ್ನೆಲ್ಲ ಚೆನ್ನಾಗಿ ಬರೆದಿದ್ದ ಆ ಕಾಗದದ ಮೇಲಿನ ಮೂಲೆ, ತಾರೀಖು ಇರಬೇಕಾಗಿದ್ದ ಜಾಗವೇ, ಹೋಗಿದ್ದಿತು. ಉಳಿದ ಅಂಚು ತೆಳ್ಳಗೆ ಕೆರೆದಂತಿದ್ದಿತು. ಇದು ಒರಲೆಯ ಕೆಲಸವಲ್ಲ. ಒರಲೆ ಬಂದಿದ್ದರೆ ಮಣ್ಣು ಮೆತ್ತಿ ಡಬ್ಬದ ಕಾಗದವನ್ನೆಲ್ಲ ಮುಗಿಸುತ್ತಿದ್ದಿತು. ಬೆಳ್ಳಿಯಂತೆ ಹೊಳೆಯುತ್ತ ಪುಸ್ತಕಗಳ ನಡುವೆ ಓಡಾಡುವ ರೆಕ್ಕೆಯಿಲ್ಲದ ಪುಟ್ಟ ಹುಳುವನ್ನು ನೀವು ನೋಡಿರಬೇಕು. ಅದಕ್ಕೆ ಗಂಜಿಯ ಅಂಟು ಬಹಳ ಪ್ರಿಯ. ಆ ಮೂಲೆಗೆ ಯಾವುದೋ ಚೀಟಿಯನ್ನು ಅಂಟಿಸಿದ್ದಿರಬೇಕು. ಅಂಟಿನ ಜೊತೆಗೆ ತಾರೀಖನ್ನೂ ತಿಂದುಹಾಕಿದೆ.

ಉಳಿದ ಬರವಣಿಗೆ ಮಾತ್ರ ಕಂದುಗಪ್ಪಾಗಿ ಸ್ಥಿರವಾಗಿದ್ದಿತು. ಆ ಕಾಲದ ಕಚೇರಿಗಳ ನೀಲಿಗಪ್ಪು ಶಾಯಿ ನಮ್ಮ ಹಿರಿಯರು ಅಳಲೆಕಾಯಿ ಮತ್ತು ಅನ್ನಭೇದಿಯಿಂದ ಕುದಿಸಿ ಮಾಡುತ್ತಿದ್ದ ಮಸಿಯ ತಮ್ಮನೇ ಸರಿ. ಅಳಲೆಕಾಯಿಯಲ್ಲಿರುವುದು ಟ್ಯಾನಿನ್ ಎಂಬ ಒಗರು ವಸ್ತು. ಅನ್ನಭೇದಿಯೆಂದರೆ ಕಬ್ಬಿಣದ ಸಲ್ಫೇಟು. ಬರೆದಾಗ ಈ ಮಿಶ್ರಣ ನಸುಬಣ್ಣದ್ದು. ಗಾಳಿಯ ಆಮ್ಲಜನಕದೊಡನೆ ಸೇರಿದಾಗ ಕಬ್ಬಿಣವು ಇನ್ನೊಂದು ಸ್ಥಿತಿಗೆ ತಿರುಗಿ, ಟ್ಯಾನಿನ್ನಿನೊಡನೆ ಕೂಡಿ, ನೀರಿನಲ್ಲಿ ಕರಗದ ಕಪ್ಪು ವಸ್ತುವಾಗುವುದು. ಅದೂ ನಾರಿನ ಒಳಗೇ! ಬರೆಯುವವನಿಗೆ ಒಡನೆಯೇ ಕಾಣಲೆಂದು ಕಾರ್ಖಾನೆಯವರು ಅದಕ್ಕೆ ನೀಲಿಯನ್ನು ಬೆರೆಸುತ್ತಿದ್ದರು. ವರ್ಷಗಳು ಕಳೆದಂತೆ ಆ ನೀಲಿ ಮಾಸಿ, ಕಬ್ಬಿಣದ ಕಪ್ಪು ಉಳಿಯಿತು. ಇದಕ್ಕೂ ಒಂದು ದೋಷವುಂಟು. ಈ ಶಾಯಿ ಆಮ್ಲಗುಣದ್ದು; ಗೆರೆ ದಪ್ಪವಾಗಿದ್ದ ಕಡೆ ಕಾಗದವನ್ನೇ ಸುಟ್ಟು ತೂತು ಮಾಡುವುದು.

ಬಸ್ಸಿನ ಟಿಕೆಟ್ಟುಗಳ ಪಾಡು ಬೇರೆ. ತಾಯಿಯ ತವರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಆದುದರಿಂದ ಹೊಸನಗರ–ತೀರ್ಥಹಳ್ಳಿ ಬಸ್ಸಿನವು ಒಂದು ಹಿಡಿಯಷ್ಟಿದ್ದವು. ಗುಲಾಬಿ, ಹಸುರು, ಹಳದಿ ಬಣ್ಣದ ತೆಳ್ಳನೆಯ ಚೀಟಿಗಳೆಂದು ತಾಯಿ ಹೇಳಿದರು. ನಮಗೆ ಕಂಡುದು ಎಲ್ಲವೂ ಒಂದೇ ಕಂದು. ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿದ್ದವು. ಅಗ್ಗದ ಕಾಗದವನ್ನು ಮಾಡುವಾಗ ಮರವನ್ನು ಅರೆದು ಹಾಗೆಯೇ ಬಳಸುವರು. ಮರಕ್ಕೆ ಬಿಗಿತವನ್ನು ಕೊಡುವ ಲಿಗ್ನಿನ್ ಎಂಬ ವಸ್ತು ಅದರಲ್ಲಿಯೇ ಉಳಿದು, ಬೆಳಕು ಗಾಳಿಗಳಿಗೆ ಕಂದಾಗುವುದು. ಜೊತೆಗೆ ಉಂಟಾಗುವ ಆಮ್ಲವು ಸೆಲ್ಯುಲೋಸಿನ ಉದ್ದ ಸರಪಳಿಗಳನ್ನು ತುಂಡು ತುಂಡಾಗಿ ಕಡಿಯುವುದು. ಒಂದು ವೃತ್ತಪತ್ರಿಕೆಯ ಅರ್ಧವನ್ನು ಪುಸ್ತಕದಲ್ಲಿ ಮುಚ್ಚಿ, ಇನ್ನರ್ಧವನ್ನು ಬಿಸಿಲಿಗೆ ಬಿಟ್ಟು ನೋಡಿದರೆ ಕೆಲವೇ ದಿನಗಳಲ್ಲಿ ಇದರ ಆರಂಭವನ್ನು ಕಾಣಬಹುದು. ವಿಚಿತ್ರವೆಂದರೆ, ಕಾಗದ ಹೀಗೆ ಸಾಯುತ್ತಿದ್ದರೂ ಅದರ ಮೇಲೆ ಕಂಡಕ್ಟರು ಸೀಸದ ಕಡ್ಡಿಯಿಂದ ಬರೆದ ಅಂಕಿ ನಿನ್ನೆ ಬರೆದಂತಿದ್ದಿತು. ಸೀಸದ ಕಡ್ಡಿಯಲ್ಲಿ ಸೀಸವಿಲ್ಲ. ಇರುವುದು ಗ್ರಾಫೈಟು, ಎಂದರೆ ಶುದ್ಧವಾದ ಇಂಗಾಲ. ಬೆಳಕಾಗಲಿ ಗಾಳಿಯಾಗಲಿ ಅದನ್ನು ಏನೂ ಮಾಡಲಾರವು.

ಒಂದು ಅಡಿಕೆ ಮೂಟೆಯ ಲಗೇಜು ರಸೀತಿಯ ಮೇಲೆ ಬರಹದ ಅರ್ಧ ಬೂದು, ಅರ್ಧ ನೇರಳೆ. ಇದು ಇಂಕು ಪೆನ್ಸಿಲಿನ ಗುಣ. ಅಂಚೆ ಕಚೇರಿಗಳಲ್ಲಿ, ರೈಲಿನ ಗೂಡ್ಸ್ ಕಚೇರಿಗಳಲ್ಲಿ ಕಿವಿಯ ಮೇಲೆ ಇಂಕು ಪೆನ್ಸಿಲನ್ನು ಸಿಕ್ಕಿಸಿಕೊಂಡು, ನಾಲಿಗೆಗೆ ತಾಗಿಸಿ ಬರೆಯುತ್ತಿದ್ದ ಗುಮಾಸ್ತರನ್ನು ಹಿರಿಯರು ಬಲ್ಲರು. ಅದರಲ್ಲಿ ಗ್ರಾಫೈಟಿನ ಜೊತೆಗೆ ನೀರಿನಲ್ಲಿ ಕರಗುವ ನೇರಳೆ ಬಣ್ಣವನ್ನು ಬೆರೆಸಿರುವರು. ಒಣಗಿದ್ದಾಗ ಪೆನ್ಸಿಲು, ಒದ್ದೆಯಾದರೆ ಅಳಿಸಲಾಗದ ಶಾಯಿ. ನಮ್ಮ ರಸೀತಿಯ ಮೇಲೆ ದುಂಡಗಿನ ನೇರಳೆ ಚುಕ್ಕೆಗಳು ಏಳೆಂಟು ಇದ್ದವು. ಆ ದಿನ ಮಳೆ ಹನಿಯುತ್ತಿದ್ದಿತೆಂಬುದನ್ನು ಯಾರೂ ಬರೆದಿಡಲಿಲ್ಲ, ಮಳೆಯೇ ಬರೆದಿದೆ.

ಜಲಾಶಯ ತುಂಬಿದ ಮೇಲೆ ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಸೀಮೆಗಳಿಗೆ ಹೋಗುವವರು ಹಿನ್ನೀರನ್ನು ಲಾಂಚಿನಲ್ಲಿ ದಾಟಬೇಕಾಯಿತು. ನಮ್ಮ ನೆಂಟರು ಕೆಲವರು ಆಚೆ ದಡದಲ್ಲಿಯೇ ಉಳಿದರು. ಅಂಬಾರಗೋಡ್ಲು–ಕಳಸವಳ್ಳಿಯ ನಡುವಣ ಆ ಲಾಂಚಿನ ಟಿಕೆಟ್ಟುಗಳ ಮೇಲೆ ರಬ್ಬರಿನ ಮುದ್ರೆ ಉಂಟು. ಮಡಿಸಿದ ಒಳಭಾಗದಲ್ಲಿ ಮುದ್ರೆ ಕಡುನೇರಳೆ, ಹೊರಭಾಗದಲ್ಲಿ ಅದೇ ಮುದ್ರೆಯ ಉಳಿದರ್ಧ ಹೊಗೆಯಂತೆ. ಬೆಳಕು ಬಣ್ಣದ ಅಣುಗಳನ್ನು ಒಡೆದುದರ ಫಲವಿದು. 2025ರ ಜುಲೈ 14ರಂದು ಅಲ್ಲಿ ಸುಮಾರು ಎರಡೂವರೆ ಕಿಲೋಮೀಟರಿನ ಸೇತುವೆ ತೆರೆಯಿತು. ಆ ದಾರಿಯ ಲಾಂಚಿನ ಟಿಕೆಟ್ಟೂ ಈಗ ಡಬ್ಬಕ್ಕೆ ಸೇರುವ ವಸ್ತುವಾಯಿತು.

ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆ ನಮ್ಮದು. ಜೋಡು ಮಳೆಗಾಲ ಕಳೆದರೆ ಚರ್ಮದ ಚೀಲಕ್ಕೆ ಬೂಷ್ಟು ಹತ್ತುವುದು. ಇಂಥಲ್ಲಿ ಅರುವತ್ತು ವರ್ಷ ಈ ಚೀಟಿಗಳು ಉಳಿದುದು ಹೇಗೆ? ಒಲೆಯ ಮೇಲಿನ ಅಟ್ಟ ಸದಾ ಒಣಗಿರುವುದು. ತೇವವಿಲ್ಲದ ಕಡೆ ಬೂಷ್ಟು ಬೆಳೆಯದು. ಸೌದೆಯ ಹೊಗೆಯಲ್ಲಿರುವ ಫೀನಾಲಿನ ಜಾತಿಯ ವಸ್ತುಗಳು ಹುಳುಗಳನ್ನೂ ದೂರವಿಡುವುವು. ಬಿಸಿಯಿಂದ ಕಾಗದ ಬೇಗ ಮುಪ್ಪಾಗುವುದೇನೋ ನಿಜ. ಆದರೆ ಮಲೆನಾಡಿನಲ್ಲಿ ಮುಪ್ಪಿಗಿಂತ ಮುಂಚೆ ಬರುವ ಮೃತ್ಯು ಬೂಷ್ಟಿನದು.

ಬಿಳಿಯ ಚೀಟಿ

ಡಬ್ಬದ ಮುಚ್ಚಳದ ಹತ್ತಿರ, ಎಲ್ಲಕ್ಕಿಂತ ಮೇಲೆ, ಪಾರದರ್ಶಕ ಪ್ಲಾಸ್ಟಿಕ್ಕಿನ ಚೀಲದಲ್ಲಿ ಬಹಳ ಜೋಪಾನವಾಗಿ ಇಟ್ಟ ಒಂದು ಚೀಟಿ ಇದ್ದಿತು. ನುಣುಪಾದ ಕಾಗದ, ಎರಡು ಕಡೆಯೂ ಪೂರ್ತಿ ಬಿಳುಪು. ಖಾಲಿ ಚೀಟಿಯನ್ನೇಕೆ ಇಟ್ಟರೆಂದು ಬಿಸಾಡಲಿದ್ದೆ. ಉಗುರಿನಿಂದ ಬಲವಾಗಿ ಗೀರಿದಾಗ ಮಸುಕಾದ ಬೂದುಗೆರೆ ಬಿದ್ದಿತು. ಆಗ ತಿಳಿಯಿತು, ಇದು ಶಾಖಕ್ಕೆ ಕಪ್ಪಾಗುವ ಕಾಗದ. ಬಸ್ಸಿನ ಕಂಡಕ್ಟರ ಕೈಯಲ್ಲಿರುವ ಸಣ್ಣ ಯಂತ್ರದಿಂದ ಹೊರಬರುವ ಟಿಕೆಟ್ಟು.

ಆ ಯಂತ್ರದಲ್ಲಿ ಶಾಯಿಯೇ ಇಲ್ಲ. ಕಾಗದಕ್ಕೆ ಮುಂಚೆಯೇ ಎರಡು ವಸ್ತುಗಳ ಲೇಪವಿರುವುದು. ಒಂದು, ಬಣ್ಣವನ್ನು ಒಳಗೆ ಅಡಗಿಸಿಕೊಂಡ ನಿರ್ವರ್ಣ ವಸ್ತು. ಇನ್ನೊಂದು, ದುರ್ಬಲವಾದ ಆಮ್ಲ. ತಣ್ಣಗಿರುವಾಗ ಎರಡೂ ಪಕ್ಕಪಕ್ಕದಲ್ಲಿ ಘನವಾಗಿ ಕುಳಿತಿರುವುವು. ಯಂತ್ರದ ಬಿಸಿ ಮೊನೆ ತಾಗಿದ ಕಡೆ ಕರಗಿ ಕೂಡುವುವು. ನಿರ್ವರ್ಣ ವಸ್ತುವಿನ ಅಣುವಿನಲ್ಲಿರುವ ಒಂದು ಉಂಗುರ ತೆರೆದುಕೊಂಡು ಕಪ್ಪು ಬಣ್ಣ ಹೊರಡುವುದು. ಆಮ್ಲದ ಸಹವಾಸ ಇರುವವರೆಗೆ ಬಣ್ಣ; ಅದು ತಪ್ಪಿದರೆ ಉಂಗುರ ಮತ್ತೆ ಮುಚ್ಚಿಕೊಳ್ಳುವುದು, ಬರಹ ಮಾಯ. ಕೈಯ ಜಿಡ್ಡು, ಬಿಸಿಲು, ತೇವ ಇವೆಲ್ಲ ಆ ಸಹವಾಸವನ್ನು ಕೆಡಿಸಬಲ್ಲವು. ಇವುಗಳಿಗಿಂತ ಕೆಟ್ಟುದು ಮೆತ್ತಗಿನ ಪ್ಲಾಸ್ಟಿಕ್ಕು. ಪಿವಿಸಿ ಪ್ಲಾಸ್ಟಿಕ್ಕು ಬಳುಕಲೆಂದು ಅದಕ್ಕೆ ಎಣ್ಣೆಯಂಥ ವಸ್ತುವನ್ನು ಬೆರೆಸಿರುವರು. ಅದು ಮೆಲ್ಲನೆ ಒಸರಿ ಲೇಪದೊಳಕ್ಕೆ ಇಳಿದು ಬರಹವನ್ನು ಕರಗಿಸಿಬಿಡುವುದು. ತಂದೆಯವರು ಉಳಿದ ಯಾವ ಟಿಕೆಟ್ಟಿಗೂ ಮಾಡದ ಉಪಚಾರವನ್ನು ಇದೊಂದಕ್ಕೆ ಮಾಡಿದ್ದರು. ಆ ಉಪಚಾರವೇ ಇದನ್ನು ಅಳಿಸಿತು! (ಈ ಲೇಪದಲ್ಲಿ ಬಹುಕಾಲ ಬಳಸುತ್ತಿದ್ದ ಬಿಸ್ಫೀನಾಲ್–ಎ ಎಂಬ ವಸ್ತುವನ್ನು ಆರೋಗ್ಯದ ದೃಷ್ಟಿಯಿಂದ ಯೂರೋಪಿನ ಒಕ್ಕೂಟವು 2020ರಿಂದ ನಿರ್ಬಂಧಿಸಿದೆ.)

ಅದು ಯಾವ ಪ್ರಯಾಣದ್ದೆಂಬುದು ನನಗೆ ಗೊತ್ತು. ಒಂದು ಬೇಸಿಗೆಯಲ್ಲಿ ಹಿನ್ನೀರು ಬಹಳ ಕೆಳಗಿಳಿದು ಹಳೆಯ ನೆಲ ಕಾಣುತ್ತಿದೆಯೆಂಬ ಸುದ್ದಿ ಬಂದಿತು. ಜೋಗದ ಮೊದಲ ವಿದ್ಯುದಾಗಾರಕ್ಕಾಗಿ 1940ರ ದಶಕದಲ್ಲಿ ಕಟ್ಟಿ, ಲಿಂಗನಮಕ್ಕಿಯ ನೀರಿನಲ್ಲಿ ತಾನೂ ಮುಳುಗಿದ ಹಿರೇಭಾಸ್ಕರ ಅಣೆಕಟ್ಟು ಅಂಥ ಬೇಸಿಗೆಗಳಲ್ಲಿ ತಲೆಯೆತ್ತುವುದುಂಟು. ತಂದೆಯವರು, “ನನ್ನನ್ನು ಒಂದು ಸಲ ಕರೆದುಕೊಂಡು ಹೋಗುತ್ತೀಯಾ?” ಎಂದು ಕೇಳಿದರು. ಸಾಗರದಿಂದ ಬಸ್ಸಿನಲ್ಲಿ ಹೋದೆವು. ಬಿರುಕುಬಿಟ್ಟ ಕೆಸರು, ನೀರಿನಲ್ಲಿ ನೆನೆದು ಕರ್ರಗಾದ ಮರದ ಬೊಡ್ಡೆಗಳು, ಎಲ್ಲಿಗೂ ಹೋಗದ ಒಂದು ಹಳೆಯ ರಸ್ತೆ. ಅವರು ದಡದಲ್ಲಿ ನಿಂತು, ಕೈಯನ್ನು ಹಣೆಗೆ ಅಡ್ಡ ಹಿಡಿದು, ಬಹಳ ಹೊತ್ತು ನೋಡಿದರು. ಮನೆ ಯಾವ ಕಡೆಗೆಂದು ಕೇಳಿದೆ. ತೋರಿಸಿದರು. ನನಗೆ ನೀರಲ್ಲದೆ ಬೇರೇನೂ ಕಾಣಲಿಲ್ಲ.

ಆದರೆ ಅದು ಯಾವ ವರ್ಷ? 1962ರ ಮೇ 19ನ್ನು ಬೊಟ್ಟಿಟ್ಟು ತೋರಿಸಬಲ್ಲ ನನಗೆ, ನಾನೇ ಜೊತೆಗಿದ್ದ ಆ ದಿನದ ವರ್ಷ ನೆನಪಾಗುವುದಿಲ್ಲ. ಆಗ ತೆಗೆದ ಚಿತ್ರಗಳು ಮೊಬೈಲು ಕೆಟ್ಟಾಗ ಅದರೊಡನೆ ಹೋದವು.

ಇಂಥ ಚೀಟಿ ನಿಮ್ಮಲ್ಲಿದ್ದರೆ ಪ್ಲಾಸ್ಟಿಕ್ಕಿನಲ್ಲಿ ಇಡಬೇಡಿ, ಪಾರದರ್ಶಕ ಅಂಟುಪಟ್ಟಿಯನ್ನು ಹಚ್ಚಬೇಡಿ. ಕಾಗದದ ಲಕೋಟೆಯೇ ಮೇಲು. ಲ್ಯಾಮಿನೇಷನ್ನಿಗಂತೂ ಕೊಡಲೇಬಾರದು, ಅದರ ಶಾಖಕ್ಕೆ ಚೀಟಿಯೆಲ್ಲ ಕಪ್ಪಾಗುವುದು. ಬರಹ ಇರುವಾಗಲೇ ಚಿತ್ರ ತೆಗೆದು, ಎರಡು ಕಡೆ ಇಟ್ಟು, ಹಿಂಭಾಗದಲ್ಲಿ ಸೀಸದ ಕಡ್ಡಿಯಿಂದ ತಾರೀಖನ್ನು ಬರೆಯುವುದು ಸುಲಭವಾದ ಉಪಾಯ. ನಮ್ಮದಕ್ಕೆ ಆ ಕಾಲ ಮೀರಿದ್ದಿತು. ಉಳಿದುದು ನೇರಳಾತೀತ ಕಿರಣ. ಮಾಸಿದ ಬರಹವಿದ್ದ ಜಾಗದ ಲೇಪವು ಸುತ್ತಲಿನ ಲೇಪಕ್ಕಿಂತ ಬೇರೆಯಾಗಿರುವುದರಿಂದ, ಆ ಬೆಳಕಿನಲ್ಲಿ ಕೆಲವೊಮ್ಮೆ ಅಕ್ಷರಗಳು ಮಬ್ಬಾಗಿ ತೋರುವುವು.

ಸಾಗರದ ಪೇಟೆಯಲ್ಲಿ ಪರಿಚಿತರ ಅಂಗಡಿಯೊಂದರಲ್ಲಿ ಕಳ್ಳನೋಟನ್ನು ಪರೀಕ್ಷಿಸುವ ನೇರಳೆ ದೀಪವಿದ್ದಿತು. ಸಂಜೆ ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಚೀಟಿಯನ್ನು ಅದರ ಕೆಳಗೆ ಹಿಡಿದೆವು. ಕಾಗದವೆಲ್ಲ ನೀಲಿಯಾಗಿ ಹೊಳೆಯಿತು. ತಾರೀಖಿನ ಸಾಲಿನಲ್ಲಿ ಏನೂ ಇಲ್ಲ. ಊರುಗಳ ಹೆಸರಿನ ಸಾಲಿನಲ್ಲಿ ಕಲೆಗಳಂತೆ ಏನೋ ಇದ್ದಿತು, ಓದಲಾಗಲಿಲ್ಲ. ಅದರ ಕೆಳಗೆ, ಪ್ರಯಾಣಿಕರು ಎಷ್ಟು ಜನರೆಂದು ಅಚ್ಚಾಗುವ ಜಾಗದಲ್ಲಿ, ಒಂದೇ ಒಂದು ಅಂಕಿ ಸ್ಪಷ್ಟವಾಗಿ ಕಂಡಿತು: 2.